ಅವ್ವ ಬರೆದ ಷರಾ

ಪೊಲೀಸರಿಗೆ ಹೆದರುವ ಜನ ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಪೊಲೀಸರೇ ಹೆದರುವ ಜನ? ನನಗೆ ಗೊತ್ತಿರುವಂತೆ ಒಬ್ಬಳೇ ಇದ್ದಾಳೆ, ಅವಳು ನಮ್ಮವ್ವ! ಕೈಯಲ್ಲಿ ಲಾಠಿ ಇಲ್ಲ, ಬೆನ್ನ ಹಿಂದೆ ಪಕ್ಷ ಇಲ್ಲ, ಬಾಯಲ್ಲಿ ಮುಂದಿನ ಎರಡು ಹಲ್ಲೂ ಇಲ್ಲ. ಇರುವುದು ಒಂದು ಕೆಂಪು ಪೆನ್ನು ಮಾತ್ರ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಠಾಣೆಯವರು ಶಹಾಪುರದ ನನ್ನ ಹೊಲಿಗೆ ಅಂಗಡಿಗೇ ಬಂದು, "ಏನವಾ, ಏನೇನೋ ಬರದೀಯಂತ?" ಎಂದರೆ ನಾನು ಯಾರ ಹಿಂದೆ ಅಡಗಿಕೊಳ್ಳಲಿ? ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಇದೆ ಎಂದುಕೊಳ್ಳಿ. ಡಾಂಬರು ರಸ್ತೆಯಲ್ಲಿ ಬಸ್ಸಿಳಿದು, ಕಾಲುವೆ ದಂಡೆಯ ಜಾಲಿಗಿಡಗಳ ನಡುವೆ ಅರ್ಧ ಮೈಲು ನಡೆದರೆ ಮೊದಲು ಸಿಗುವ ಮನೆಯೇ ನಮ್ಮದು. ಅವ್ವ ಅಲ್ಲಿನ ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಅಕ್ಕೋರಾಗಿದ್ದವಳು. ಊರಿನ ಹೆಣ್ಣುಮಕ್ಕಳನ್ನೆಲ್ಲ ಮನೆಮನೆಯಿಂದ ಎಳೆದು ತಂದು ಓದಿಸಿದಳು. ಸ್ವಂತ ಮಗಳಾದ ನಾನು ಮಾತ್ರ ಪಿಯುಸಿ ಅರ್ಧಕ್ಕೇ ಕಾಲೇಜಿಗೆ ಕೈಮುಗಿದೆ. ಓದು ನನ್ನ ತಲೆಗೆ ಹತ್ತಲಿಲ್ಲ ಎಂದು ಊರಿಗೆಲ್ಲ ಹೇಳಿಟ್ಟಿದ್ದೇವೆ. ಊರೂ ನನ್ನ ಮುಖ ನೋಡಿ ತಕ್ಷಣ ನಂಬಿಬಿಟ್ಟಿತು!

ಅವ್ವ ನಿವೃತ್ತಳಾದ ಮರುವರ್ಷ ಒಬ್ಬ ಪೇದೆ ತಗಡಿನ ಡಬ್ಬಿ ಹಿಡಿದು ಊರೆಲ್ಲ ತಿರುಗಿದ. ಡಬ್ಬಿಯಲ್ಲಿ ಬೀಟ್ ಪುಸ್ತಕ. ದಿನಾ ಸಂಜೆ ಕಾಲೇಜು ಹುಡುಗಿಯರ ಬಸ್ಸು ಬರುವ ಹೊತ್ತಿಗೆ ಅವನು ಗಸ್ತು ಬರಬೇಕು, ಬಂದದ್ದಕ್ಕೆ ಸಾಕ್ಷಿಯಾಗಿ ಅದರಲ್ಲಿ ಸಹಿ ಮಾಡಬೇಕು. ಆ ಡಬ್ಬಿಯನ್ನು ಯಾರಾದರೂ ತಮ್ಮ ಬಾಗಿಲ ಪಕ್ಕ ಮೊಳೆ ಹೊಡೆಸಿ ಇಟ್ಟುಕೊಳ್ಳಬೇಕು. ಯಾರು ಇಟ್ಟುಕೊಳ್ಳುತ್ತಾರೆ? ದಿನಾ ಮನೆ ಮುಂದೆ ಪೊಲೀಸ್ ಬಂದು ನಿಂತರೆ ಬೀಗರು ಏನೆಂದುಕೊಂಡಾರು! ಎಲ್ಲರೂ ಏನೋ ಒಂದು ನೆಪ ಹೇಳಿ ಬಾಗಿಲು ಹಾಕಿಕೊಂಡರು. ಅವ್ವ ಮಾತ್ರ, "ಇಲ್ಲೇ ಬಡಿ ತಮ್ಮಾ. ಮೊಳಿ ಗಟ್ಟಿ ಇರ್ಲಿ, ಭಾಳ ದಿನ ಇರಬೇಕದು" ಎಂದಳು.

ಎಡವಟ್ಟಾದದ್ದು ಆ ಪುಸ್ತಕದ ಕೊನೆಯ ಕಾಲಮ್ಮಿನಿಂದ. ತಾರೀಖು, ವೇಳೆ, ಸಹಿ, ಆಮೇಲೆ 'ಷರಾ'. ತಪಾಸಣೆಗೆ ಬಂದ ಮೇಲಧಿಕಾರಿ ತಮ್ಮ ಅಭಿಪ್ರಾಯ ಬರೆಯಲೆಂದು ಬಿಟ್ಟ ಜಾಗ ಅದು. ಆದರೆ ಮೂವತ್ತು ವರ್ಷ ಹಾಜರಿ ಪುಸ್ತಕ, ಅಂಕಪಟ್ಟಿ ತುಂಬಿಸಿದ ಕೈ ಖಾಲಿ ಕಾಲಮ್ಮು ಕಂಡರೆ ಸುಮ್ಮನಿದ್ದೀತೇ? ಪುಸ್ತಕ ತನ್ನ ಬಾಗಿಲಲ್ಲಿದೆ ಎಂದ ಮೇಲೆ ಷರಾ ಬರೆಯುವುದೂ ತನ್ನದೇ ಕೆಲಸ ಎಂದು ತಿಳಿದಳು. ಮೊದಲ ದಿನವೇ ಕೆಂಪು ಅಕ್ಷರದಲ್ಲಿ ಬರೆದಳು: 'ಹತ್ತಕ್ಕೆ ಮೂರು. ಗಾಡಿಯಿಂದ ಕೆಳಗಿಳಿದಿಲ್ಲ. ಬಸ್ಸು ಬರುವ ಮೊದಲೇ ಹೋಗಿದ್ದಾನೆ. ಅಕ್ಷರ ದುಂಡಗಿಲ್ಲ.'

ಮರುದಿನ ಅದನ್ನು ಓದಿ ಪೇದೆ ಬೆವತುಹೋದ.

"ಅಕ್ಕೋರ, ಇದು ನಮ್ಮ ಸಾಹೇಬ್ರು ಬರಿಯೋ ಜಾಗ ಐತ್ರಿ."

"ನಿಮ್ಮ ಸಾಹೇಬ್ರು ದಿನಾ ಇಲ್ಲಿ ಕುಂತು ನಿನ್ನ ನೋಡ್ತಾರೇನು?"

"ಇಲ್ರಿ."

"ನಾ ನೋಡ್ತೀನಿ. ಇವತ್ತು ಬಸ್ಸು ಬರೂತನಕ ನಿಲ್ಲು, ಐದು ಕೊಡ್ತೀನಿ."

ಅವನು ನಿಂತ. ಐದು ಸಿಕ್ಕಿತು. ಅಂದಿನಿಂದ ಪ್ರತಿ ಸಂಜೆ ಅವನ ಫಲಿತಾಂಶ ಫೋನಿನಲ್ಲಿ ಶಹಾಪುರಕ್ಕೆ, ನನಗೆ ತಲುಪತೊಡಗಿತು. ನಾನು ಬೇರೆಯವರ ರವಿಕೆ ಕತ್ತರಿಸುತ್ತಾ ಅವನ ಅಂಕ ಕೇಳಬೇಕು!

ಆಸಾಮಿಯೂ ಕಡಿಮೆಯವನಲ್ಲ. ಒಮ್ಮೆ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಬರುವ ವಾರದ ಸಹಿಗಳನ್ನೆಲ್ಲ ಒಮ್ಮೆಲೇ ಹಾಕಿ ಹೊರಟಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಹೊರಬಂದು ಪುಸ್ತಕ ತೆಗೆದಳು. ಬೈಯಲಿಲ್ಲ. ಭಾರಿ ಅಕ್ಕರೆಯಿಂದ ಕೇಳಿದಳು:

"ಬರೂ ಸೋಮವಾರನೂ ಬಂದು ಹೋಗೀದಿ ಅಲ್ಲಪಾ? ಅವತ್ತು ಹೆಂಗಿತ್ತು ತಮ್ಮಾ? ಮಳಿ ಬಂದಿತ್ತೇನು? ನಾ ಮೆಣಸಿನಕಾಯಿ ಒಣಾ ಹಾಕಬೇಕು, ಅದಕ್ಕ ಕೇಳಾಕತ್ತೀನಿ!"

ಆ ಸೋಮವಾರ ಮಳೆ ಬಂತೋ ಇಲ್ಲವೋ, ಪೇದೆಯಂತೂ ಬಂದ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಇಷ್ಟಕ್ಕೇ ಅವ್ವ ಪೊಲೀಸರ ವೈರಿ ಎಂದುಕೊಂಡರೆ ತಪ್ಪು. ಒಂದು ಸಲ ಅವನು ಮೂರು ದಿನ ನಡೆದುಕೊಂಡು, ತಡವಾಗಿ ಬಂದ. ವಿಚಾರಿಸಿದರೆ ಗಾಡಿಗೆ ಪೆಟ್ರೋಲ್ ಮಂಜೂರಾಗಿಲ್ಲ. ಸಾಲದ್ದಕ್ಕೆ ಅವನೊಬ್ಬನ ಪಾಲಿಗೆ ಐದು ಊರು. ಅವ್ವ ಅವನ ಅಂಕ ಕಡಿಯಲಿಲ್ಲ, ಠಾಣೆಯ ಜನಸಂಪರ್ಕ ಸಭೆಗೆ ಹೋದಳು. ಅಂಥ ಸಭೆ ಹೇಗಿರುತ್ತದೆ ಗೊತ್ತಲ್ಲ? ಸಾಹೇಬರಿಗೆ ಶಾಲು, ಹಿರಿಯರಿಗೆ ಚಹಾ. "ಏನಾದರೂ ಕುಂದುಕೊರತೆ?" ಎಂದರೆ "ಎಲ್ಲಾ ಛಲೋ ಐತ್ರಿ" ಎಂದು ಬಿಸ್ಕೀಟಿಗೆ ಕೈ ಹಾಕುವುದು. ಅಲ್ಲಿ ಅವ್ವ ಎದ್ದು ನಿಂತಳು.

"ಒಬ್ಬ ಮಾಸ್ತರಿಗಿ ಐದು ಕ್ಲಾಸು ಕೊಟ್ಟು, ಸುಣ್ಣದ ಕಡ್ಡಿನೂ ಕೊಡಲಾರದ, ಹುಡುಗ್ರು ಯಾಕ ಫೇಲಾದ್ರು ಅಂದಂಗ ಆತಲ್ರಿ ಇದು! ಈ ಹುಡುಗಗ ಪೆಟ್ರೋಲ್ ಕೊಡೋರು ಯಾರು? ಬಸ್ಸಿಳಿಯೋ ಕಡಿ ಕಂಬಕ್ಕ ಬಲ್ಬ್ ಹಾಕೋರು ಯಾರು? ಎದ್ದು ನಿಂತು ಹೇಳ್ರಿ!"

'ಎದ್ದು ನಿಂತು' ಎಂದದ್ದೇ ತಡ, ನಮ್ಮ ಪಂಚಾಯಿತಿ ಅಧ್ಯಕ್ಷರು ಕೈಕಟ್ಟಿ ಎದ್ದು ನಿಂತುಬಿಟ್ಟರು. ಅವರು ಅವ್ವನ ಹತ್ತಿರ ಮೂರನೆಯ ತರಗತಿ ಓದಿದವರು! ವಾರದೊಳಗೆ ಕಂಬಕ್ಕೆ ಬಲ್ಬು ಬಂತು. ಪೆಟ್ರೋಲಿಗೆ ಇನ್ನೂ ಎರಡು ಸಭೆ ಬೇಕಾಯಿತು. ಎರಡಕ್ಕೂ ಹೋದಳು.

ಎರಡು ವರ್ಷ ಕಳೆಯಿತು. ಬಸ್ ತಂಗುದಾಣದ ಮುಂದೆ ಬೈಕು ನಿಲ್ಲಿಸಿಕೊಂಡು, ಹುಡುಗಿಯರ ಹಿಂದೆಯೇ ಕಾಲುವೆ ತನಕ ಬರುತ್ತಿದ್ದ ಪುಂಡರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮೊದಲು ಆ ಬಸ್ಸಿನಿಂದ ನಾಲ್ಕೇ ಹುಡುಗಿಯರು ಇಳಿಯುತ್ತಿದ್ದರು. ಈಗ ಎಣಿಸಲು ಎರಡೂ ಕೈ ಸಾಲುವುದಿಲ್ಲ. ಪೇದೆಯ ಅಂಕ ಒಂಬತ್ತಕ್ಕೆ ಏರಿತು. ಅಕ್ಷರ ದುಂಡಗಾಗಲಿಲ್ಲವಾದ್ದರಿಂದ ಹತ್ತು ಮಾತ್ರ ಸಿಗಲಿಲ್ಲ. ನನಗೋ ಹೊಟ್ಟೆಕಿಚ್ಚು. ಶಾಲೆಯಲ್ಲಿ ಅವ್ವ ನನಗೆ ಏಳರ ಮೇಲೆ ಕೊಟ್ಟವಳೇ ಅಲ್ಲ!

ಆಗಲೇ ಗ್ರಹಚಾರ ಕೆಟ್ಟಿತು. ತಪಾಸಣೆಗೆ ಬಂದ ಒಬ್ಬ ಅಧಿಕಾರಿ ಪುಸ್ತಕ ತಿರುವಿದರು. ಒಂಬತ್ತು, ಒಂಬತ್ತು, ಒಂಬತ್ತು. 'ದೂರಿಲ್ಲ, ಗಲಾಟೆಯಿಲ್ಲ. ಇಲ್ಲಿ ಗಸ್ತು ಅನಗತ್ಯ' ಎಂದು ಬರೆದು ಹೋದರು. ಪೇದೆಯನ್ನು ಕಡೇಚೂರಿನ ಕಾರ್ಖಾನೆಗಳ ಕಡೆ ಹಾಕಿದರು. ಅವನು ಡಬ್ಬಿ ಕೀಳಲು ಬಂದ ದಿನ ನಾನೂ ಊರಲ್ಲಿದ್ದೆ.

"ನಡುನಡುವ ಒಂದೆರಡು ಸಲ ಮೂರು ಕೊಟ್ಟಿದ್ರ ನಾ ಇಲ್ಲೇ ಇರ್ತಿದ್ದೆ ನೋಡ್ರಿ, ಅಕ್ಕೋರ," ಎಂದ. ಡಬ್ಬಿಯ ಮೊಳೆಗೆ ಕೈ ಹಾಕಿದ.

"ಸುಳ್ಳು ಅಂಕ ನನ್ನ ಕೈಲೆ ಆಗಂಗಿಲ್ಲ. ಡಬ್ಬಿ ಮುಟ್ಟಬ್ಯಾಡ," ಎಂದ ಅವ್ವ, ನನ್ನ ಕಡೆ ತಿರುಗಿ, "ನಾಳಿ ಯಾದಗಿರಿಗಿ ಹೋಗೂಣು, ನಡಿ ನನ್ನ ಜೋಡಿ" ಎಂದಳು.

ಬಸ್ಸು ಶಹಾಪುರಕ್ಕೆ ಬಂದಾಗ ಅಂಗಡಿ ನೆಪ ಹೇಳಿ ಇಳಿಯಲು ನೋಡಿದೆ. ಸೆರಗು ಹಿಡಿದು ಕೂರಿಸಿದಳು.

ಯಾದಗಿರಿಯ ದೊಡ್ಡ ಸಾಹೇಬರು ಮೈಸೂರು ಕಡೆಯವರು, ಸಭ್ಯರು. ಅವ್ವ ಅವರ ಮೇಜಿನ ಮೇಲೆ ಎರಡು ವರ್ಷದಲ್ಲಿ ತುಂಬಿದ ಬೀಟ್ ಪುಸ್ತಕಗಳನ್ನು ಪೇರಿಸಿದಳು. ಅವರು ಕೆಂಪು ಅಕ್ಷರಗಳನ್ನು ತಾಳ್ಮೆಯಿಂದ ಓದಿದರು.

"ಅಮ್ಮಾ, ನಿಮ್ಮೂರಲ್ಲಿ ಈಗ ಏನೂ ನಡೀತಿಲ್ವಲ್ಲ. ನಮ್ಮಲ್ಲಿ ಇರೋದೇ ಕಡಿಮೆ ಜನ. ತೊಂದರೆ ಇರೋ ಕಡೆ ಹಾಕ್ಬೇಕಲ್ವಾ?"

ನ್ಯಾಯವಾದ ಮಾತು. ನಾನು ಹೊರಡಲು ಚೀಲ ಎತ್ತಿಕೊಂಡೇಬಿಟ್ಟೆ.

"ಪಾಸಾದ್ಲು ಅಂತ ಹುಡುಗಿನ್ನ ಸಾಲಿ ಬಿಡಿಸ್ತೀರೇನ್ರಿ, ಸಾಹೇಬ್ರ?" ಎಂದಳು ಅವ್ವ.

ಸಾಹೇಬರು ನಕ್ಕು, ಪುಸ್ತಕವನ್ನು ಅವಳ ಕಡೆ ಸರಿಸಿದರು. "ಸರಿ, ನೀವೇ ಷರಾ ಬರೀರಿ. ಏನೂ ನಡೆಯದ ಕಡೆ ಗಸ್ತು ಯಾಕೆ ಬೇಕು ಅಂತ. ಒಪ್ಪೋ ಹಾಗಿದ್ರೆ ಸಹಿ ಹಾಕ್ತೀನಿ."

ಅವ್ವ ಪೆನ್ನಿನ ಮುಚ್ಚಳ ತೆಗೆದಳು. ಬರೆಯಲಿಲ್ಲ. ಖಾಲಿ ಕಾಲಮ್ಮಿನ ಮುಂದೆ ಆ ಕೈ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಪೆನ್ನನ್ನು ನನಗೆ ಕೊಟ್ಟು, ಗೋಡೆ ನೋಡುತ್ತಾ, ತರಗತಿಯಲ್ಲಿ ಉಕ್ತಲೇಖನ ಹೇಳುವ ಅದೇ ದನಿಯಲ್ಲಿ ಹೇಳಿದಳು:

"ಬರಿ. ಹಿಂದ ಒಮ್ಮಿ ಇದ ಹಾದಿಯೊಳಗ ಒಂದು ಹುಡುಗಿ ಬೆನ್ನಹಿಂದ ಮೂರು ದಿನ ಗಾಡಿ ಬಂದ್ವು. ಏನೂ ನಡೀಲಿಲ್ಲ. ಏನೂ ನಡೀಲಿಲ್ಲಂತ ಯಾರೂ ಏನೂ ಬರಕೊಳ್ಳಲಿಲ್ಲ. ನಾಕನೇ ದಿನ ಅವರವ್ವ ಹೆದರಿ ಆಕಿನ್ನ ಕಾಲೇಜು ಬಿಡಿಸಿದ್ಲು. ಹುಡುಗಿ ಭಾಳ ಶಾಣ್ಯಾಕಿ ಇದ್ಲು. ಅವರವ್ವ ಊರಿಗೆಲ್ಲಾ ಅಕ್ಕೋರು ಇದ್ಲು. ಆ ಅಕ್ಕೋರಿಗೆ ಹತ್ತಕ್ಕ ಸೊನ್ನಿ."

ಶಾಣ್ಯಾಕಿ! ಜಾಣೆಯಂತೆ ನಾನು! ನಲವತ್ತರ ಹತ್ತಿರ ಬಂದ ಮೇಲೆ, ಮೊದಲ ಸಲ ಅವಳ ಬಾಯಲ್ಲಿ ಈ ಮಾತು ಕೇಳಿದೆ. ಅಂದು ಅವಳು ನನ್ನ ಪುಸ್ತಕಗಳನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟಾಗ ನಾನು ಹದಿನೈದು ದಿನ ಮಾತು ಬಿಟ್ಟಿದ್ದೆ. ಆಮೇಲೆ ಓದು ತಲೆಗೆ ಹತ್ತಲಿಲ್ಲ ಎಂಬ ಕಥೆಯನ್ನು ಇಬ್ಬರೂ ಸೇರಿ ಕಟ್ಟಿದೆವು. ಅವಳನ್ನು ನಾನು ಎಂದೋ ಕ್ಷಮಿಸಿದ್ದೆ. ಅವಳು ತನ್ನನ್ನು ಕ್ಷಮಿಸಿಕೊಂಡಿಲ್ಲ ಎಂಬುದು, ಇಷ್ಟು ವರ್ಷ ಅವಳನ್ನು ನೋಡಿ ನಗುತ್ತಿದ್ದ ನನಗೆ ಗೊತ್ತೇ ಇರಲಿಲ್ಲ.

ಎಲ್ಲವನ್ನೂ ಬರೆದೆ. ಸೊನ್ನೆಯೊಂದನ್ನು ಬಿಟ್ಟು. ಅವ್ವ ಕನ್ನಡಕ ಏರಿಸಿ ಓದಿ, "ಅಂಕ ಎಲ್ಲಿ?" ಎಂದಳು.

"ಪರೀಕ್ಷಿ ಇನ್ನಾ ಮುಗಿದಿಲ್ಲವ್ವಾ" ಎಂದೆ.

ಸಾಹೇಬರು ಪುಸ್ತಕ ಎಳೆದುಕೊಂಡು ಕೆಳಗೆ ಸಹಿ ಹಾಕಿದರು.

ಆ ವಾರವೇ ಪೇದೆ ಮರಳಿ ಬಂದ. ನಾನು ಅಂಗಡಿ ಮುಚ್ಚಿ ಸಂಜೆಯೊಳಗೆ ಊರಿಗೆ ಬಂದಿದ್ದೆ. ಬಸ್ಸು ನಿಂತು, ಕಾಲುವೆ ದಂಡೆಯ ಮೇಲೆ ಹುಡುಗಿಯರು ಗದ್ದಲ ಮಾಡುತ್ತಾ ಬರತೊಡಗಿದರು. ಪೇದೆ ಅವರ ಹಿಂದೆ ಗಾಡಿ ತಳ್ಳಿಕೊಂಡು ನಡೆದು ಬರುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಾ ಒಬ್ಬೊಬ್ಬರನ್ನೇ ಎಣಿಸಿದಳು. "ಹದಿನೆಂಟು" ಎಂದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನ ಕೈ ಹಿಡಿದು, "ಹತ್ತೊಂಬತ್ತು" ಎಂದಳು.