ಕಾರಿನ ಮಿದುಳಿಗೆ ಕುಂಕುಮ

ಯಂತ್ರಗಳಿಗೆ ನನ್ನನ್ನು ಕಂಡರೆ ಬಲು ಪ್ರೀತಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾವೇರಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು ನಾನು. ಮನೆಯ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ರೇಡಿಯೋ ಕೆಟ್ಟಾಗ ಒಂದನ್ನೂ ಪರರ ಕೈಗೆ ಕೊಟ್ಟವನಲ್ಲ. ಅವೆಲ್ಲ ಈಗ ಅಟ್ಟದ ಮೇಲಿವೆ. ಅದು ಬೇರೆ ಮಾತು!

ತೊಂಬತ್ತರ ದಶಕದ ಕೊನೆಗೆ ನಾನೊಂದು ಹಳೆಯ ಕಾರು ಕೊಂಡೆ. ಮಾರಿದವರಿಗೆ ಅದು ಹಳೆಯದು. ನಮ್ಮ ಓಣಿಗೆ ಅದಕ್ಕಿಂತ ಹೊಸದು ಬಂದಿರಲಿಲ್ಲ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ಬೆರಳು ತೋರಿಸಿ, "ಇಲ್ಲಿ ಒಂದು ಕಂಪ್ಯೂಟರ್ ಐತ್ರಿ ಸರ್. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು, ಯಾವಾಗ ಕಿಡಿ ಹಾರಬೇಕು, ಎಲ್ಲಾ ಅದ ನೋಡ್ಕೋತೈತಿ. ಗಾಡಿಯ ಮಿದುಳು ಅನ್ರಿ," ಎಂದಿದ್ದರು. ನಮ್ಮ ಶಾಲೆಗೇ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ. ನನ್ನ ಕಾರಿಗೆ ಬಂದಿತ್ತು! ಸ್ಟಾಫ್ ರೂಮಿನ ಪ್ರತಿಯೊಬ್ಬರಿಗೂ ಈ ಸಂಗತಿಯನ್ನು ಎರಡೆರಡು ಸಲ ತಿಳಿಸಿದೆ.

ಅದೇ ಹೊತ್ತಿಗೆ ಬ್ಯಾಡಗಿಯಲ್ಲಿ ಅವ್ವನ ಜೊತೆಗಿದ್ದ ನನ್ನ ತಂಗಿ ಶಕುಂತಲೆಗೆ ರಾಣೆಬೆನ್ನೂರಿನಿಂದ ಸಂಬಂಧ ಬಂತು. ಹುಡುಗ ಪ್ರಭಾಕರ, ಬೀಜದ ಕಂಪನಿಯಲ್ಲಿ ಕೆಲಸ. ಹಿಂದೆ ಎರಡು ಸಂಬಂಧಗಳು ಮಾತುಕತೆಯಲ್ಲೇ ಮುರಿದು, ಹುಡುಗಿ ಒಳಗೊಳಗೇ ನೊಂದಿದ್ದಳು. ಈ ಸಲ ಮಾತ್ರ ನನ್ನ ಹೆಂಡತಿ ಸಾವಿತ್ರಿಯ ಮುಂದೆ ತಾನಾಗಿಯೇ ಬಾಯಿಬಿಟ್ಟಳು. "ವೈನಿ, ಅವರನ್ನ ಒಂದು ಮದುವ್ಯಾಗ ನೋಡೇನಿ. ಬಡಸೋರನ್ನ ನಗಿಸ್ಕೋತ ಉಣ್ಣಾಕತ್ತಿದ್ರು. ಇದೊಂದು ಕೂಡಿ ಬರ್ಲಿ."

ಇದನ್ನು ಕೇಳಿ ನನ್ನ ಎದೆ ತುಂಬಿ ಬಂತು. ಆ ತುಂಬಿದ ಎದೆಯಲ್ಲೇ ಹುಡುಗನ ತಂದೆಗೆ ಫೋನ್ ಮಾಡಿದೆ. "ಕನ್ಯಾ ನೋಡಾಕ ನೀವು ಬಸ್ಸಿಗೆ ಬರೂದು ಬ್ಯಾಡ್ರಿ. ದೀಪಾವಳಿ ಆದಮ್ಯಾಲಿನ ಭಾನುವಾರ ನಾನ ಕಾರ್ ತಗೊಂಡು ಬರ್ತೇನಿ!" ಅವರು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಡುವೆ ಆಯುಧಪೂಜೆಯ ಖಂಡೇನವಮಿ ಬಂತು. ಓಣಿಯ ಸೈಕಲ್ಲು, ಸ್ಕೂಟರುಗಳೆಲ್ಲ ಮಿಂದು ಚೆಂಡುಹೂ ಮುಡಿದು ನಿಂತವು. ನಾನೂ ಕಾರು ತೊಳೆದು ಚಕ್ರಕ್ಕೆ, ಇಂಜಿನ್ನಿಗೆ ಕುಂಕುಮ ಹಚ್ಚಿದೆ. ಆಗ ನೆನಪಾಯಿತು: ಮಿದುಳು! ಸ್ಕ್ರೂಡ್ರೈವರ್ ತಂದು ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಬಿಚ್ಚಿದೆ. ಒಳಗೊಂದು ಚಪ್ಪಟೆ ಪೆಟ್ಟಿಗೆ.

"ರೀ, ಹೊರಗ ಹಚ್ಚಿದ್ದ ಸಾಕಾತ್ರಿ," ಎಂದಳು ಸಾವಿತ್ರಿ.

"ಕೈಕಾಲಿಗೆ ಪೂಜಾ ಮಾಡಿ ತಲೀ ಬಿಡಾಕ ಬರ್ತೈತೇನ?" ಎಂದು ಪೆಟ್ಟಿಗೆಯ ಮುಚ್ಚಳವನ್ನೂ ಬಿಚ್ಚಿದೆ. ಒಳಗಿನ ಸರ್ಕಿಟ್ಟಿನ ಹಸಿರು ಹಲಗೆಗೆ ಅರಿಷಿಣ, ಕುಂಕುಮ, ಅಕ್ಷತೆ. ಮೇಲೆ ತೆಂಗಿನಕಾಯಿಯ ನೀರನ್ನು ಮೂರು ಸಲ ಶಾಸ್ತ್ರೋಕ್ತವಾಗಿ ಪ್ರೋಕ್ಷಿಸಿದೆ. ನಾನು ಕಲಿಸುವ ಭೌತಶಾಸ್ತ್ರ ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿತ್ತೋ ತಿಳಿಯದು.

ಮರುದಿನ ಬನ್ನಿ ಕೊಡಲು ಹೊರಟರೆ ಕಾರು ಕೆಮ್ಮಿತು. ಜಗ್ಗಿತು. ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೊಂದು ಹತ್ತಿಕೊಂಡಿತು. ಕಣ್ಣಿಗೆ ಕಿರಿಕಿರಿಯಾಗಿ, ಸಾವಿತ್ರಿ ಹಣೆಗೆ ಹಚ್ಚಿಕೊಳ್ಳುವ ಟಿಕಳಿಯೊಂದನ್ನು ಅದರ ಮೇಲೆ ಅಂಟಿಸಿದೆ. ದೀಪದ ತೊಂದರೆ ಬಗೆಹರಿಯಿತು!

ಕಾರಿನದು ಬಗೆಹರಿಯಲಿಲ್ಲ. ನಮ್ಮೂರಿನ ಹನುಮಂತಪ್ಪ ಮೇಸ್ತ್ರಿ ಬಂದರು. ಮೂವತ್ತು ವರ್ಷ ಲಾರಿ, ಜೀಪು ಬಿಚ್ಚಿದ ಕೈ. ಬಾನೆಟ್ಟಿನೊಳಗೆ ಬಹಳ ಹೊತ್ತು ಹುಡುಕಿ, ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದರು. "ಸರ್, ಹೆಂಗ ಹೇಳ್ಲಿ? ನಿಮ್ಮ ಗಾಡಿ ಕಾರ್ಬೊರೇಟರ್ ಯಾರೋ ಕದ್ದಾರ್ರಿ!"

ನಾನು ಅಂಗಿ ಹಾಕಿಕೊಂಡು ಪೊಲೀಸ್ ಠಾಣೆಗೆ ಹೊರಟೇಬಿಟ್ಟೆ. ಅರ್ಧ ದಾರಿಯಲ್ಲಿ ಜ್ಞಾನೋದಯವಾಯಿತು. ಪೆಟ್ರೋಲು, ಗಾಳಿಯ ಅಳತೆಯನ್ನು ಕಂಪ್ಯೂಟರೇ ನೋಡಿಕೊಳ್ಳುವ ಇಂಥ ಗಾಡಿಗೆ ಕಾರ್ಬೊರೇಟರ್ ಇರುವುದೇ ಇಲ್ಲ! ಹಿಂದಿರುಗಿ ಬಂದು ಮೇಸ್ತ್ರಿಗೆ ಇದನ್ನು ವಿವರಿಸಿದೆ. ಅವರು ಕೈ ಮುಗಿದರು. "ಹಂಗಾರ ನೀವ ರಿಪೇರಿ ಮಾಡ್ರಿ ಸರ್."

ಮಾಡಿದೆ. ಪ್ಲಗ್ಗು ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕಾರು ಮಾತ್ರ ತನ್ನ ನಿಲುವನ್ನು ಬದಲಿಸಲಿಲ್ಲ. ಭಾನುವಾರಕ್ಕೆ ಒಂದೇ ವಾರ ಉಳಿಯಿತು. ಬ್ಯಾಡಗಿಯಿಂದ ಶಕುಂತಲೆ ಫೋನ್ ಮಾಡಿ, "ಅಣ್ಣಾ, ಕಾರು ಛಲೋ ಐತಲ್ಲ?" ಎಂದಳು. "ಏ, ಮಸ್ತ್ ಐತಿ!" ಎಂದೆ. ಅದೇ ದಿನ ಹುಬ್ಬಳ್ಳಿಗೆ ಹೇಳಿಕಳಿಸಿದೆ.

ಹುಬ್ಬಳ್ಳಿಯಿಂದ ಕುಲಕರ್ಣಿ ಎಂಬ ತಜ್ಞರು ಸೂಟ್‌ಕೇಸಿನಲ್ಲೊಂದು ಪರೀಕ್ಷೆಯ ಯಂತ್ರ ಹಿಡಿದು ಬಂದರು. ಮೊದಲು ಟಿಕಳಿಯನ್ನು ಕಿತ್ತರು. ಆಮೇಲೆ ತಮ್ಮ ಯಂತ್ರದ ವಾಯರನ್ನು ಕಾರಿಗೆ ಜೋಡಿಸಿದರು. ಕಂಪ್ಯೂಟರ್ ತುಟಿ ಪಿಟಕ್ಕೆನ್ನಲಿಲ್ಲ. ಅದರ ಪೆಟ್ಟಿಗೆ ಬಿಚ್ಚಿ ನೋಡಿದರು. ಒಳಗೆಲ್ಲ ಕಿಲುಬು. ಕಿಲುಬಿನ ನಡುವೆ ಅಕ್ಷತೆ.

"ಇದರೊಳಗ ಕಾಯಿ ಒಡದವ್ರು ಯಾರ್ರಿ?"

ನಾನು ಆಕಾಶ ನೋಡಿದೆ. ಸಾವಿತ್ರಿ ನನ್ನನ್ನು ನೋಡಿದಳು. ಕುಲಕರ್ಣಿಯವರಿಗೆ ಉತ್ತರ ಸಿಕ್ಕಿತು.

"ಇದು ತೀರಿಕೊಂಡೈತ್ರಿ. ಹೊಸಾದು ಶನಿವಾರ ಬಸ್ಸಿಗೆ ಕಳಿಸ್ತೇನಿ. ಭಾನುವಾರ ಮುಂಜಾನೆ ನಾನ ಬಂದು ಕೂಡಸ್ತೇನಿ. ಅಲ್ಲೀತನಕ ದಯಮಾಡಿ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದರು.

ಶನಿವಾರ ಮಧ್ಯಾಹ್ನ ಪೆಟ್ಟಿಗೆ ಬಂತು. ಸಾವಿತ್ರಿ ಅದಾಗಲೇ ಬ್ಯಾಡಗಿಗೆ ಹೋಗಿದ್ದಳು. ನೀವೇ ಹೇಳಿ, ತಡೆಯುವವರಿಲ್ಲದ ಮನೆಯಲ್ಲಿ ಹೊಸ ಕಂಪ್ಯೂಟರಿನ ಎದುರು ಒಬ್ಬ ಭೌತಶಾಸ್ತ್ರದ ಮಾಸ್ತರ ಸುಮ್ಮನೆ ಕೂರಬಲ್ಲನೆ? ಬ್ಯಾಟರಿ ಬಿಚ್ಚಿ, ಪೆಟ್ಟಿಗೆ ಇಟ್ಟು, ವಾಯರುಗಳ ಗೊಂಚಲನ್ನು ಅದಕ್ಕೆ ಸಿಕ್ಕಿಸಿದೆ. ಬ್ಯಾಟರಿ ಜೋಡಿಸಿ ಕೀಲಿ ತಿರುವಿದರೆ, ಕಾರು ಹಾಡಿತು! ಕುಲಕರ್ಣಿಯವರಿಗೆ ಫೋನ್ ಮಾಡಿ, "ನೀವು ಬರೂದು ಬ್ಯಾಡ್ರಿ," ಎಂದೆ.

"ವಾಯರಿನ ಕೊಂಡಿ ಕೂಡೂ ಮುಂದ ಕಟ್ ಅಂತ ಸಪ್ಪಳ ಮಾಡ್ತೇನ್ರಿ?"

"ಮಾಡ್ತ್ರಿ!" ಎಂದೆ. ಕಟ್ ಎಂದದ್ದು ನನ್ನ ಮೊಣಕಾಲು ಎಂದು ಮರುದಿನ ತಿಳಿಯಿತು.

ಭಾನುವಾರ ರಾಣೆಬೆನ್ನೂರಿನಿಂದ ಹೊರಟಾಗ ಪ್ರಭಾಕರ ನನ್ನ ಪಕ್ಕದಲ್ಲಿದ್ದ, ಅವನ ತಂದೆತಾಯಿ ಹಿಂದೆ. ಮೋಟೆಬೆನ್ನೂರು ಕ್ರಾಸಿನವರೆಗೆ ನಾನು ಕಂಪ್ಯೂಟರಿನ ಮಹಿಮೆಯನ್ನೂ, ಅದನ್ನು ನಾನೇ ಸ್ಕ್ರೂಡ್ರೈವರ್ ಹಿಡಿದು ಕೂಡಿಸಿದ್ದನ್ನೂ ವರ್ಣಿಸಿದೆ. ಕ್ರಾಸಿನಲ್ಲಿ ಕಾರು ನಿಂತಿತು. ಇಳಿದು ಬಾನೆಟ್ ಎತ್ತಿ ಗಂಭೀರವಾಗಿ ನೋಡಿದೆ. ನೋಡುವುದನ್ನು ಬಿಟ್ಟು ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಶಕುಂತಲೆ ಸೀರೆಯುಟ್ಟು ಕಾಯುತ್ತಿರುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ನಿಜ ಹೇಳುತ್ತೇನೆ, ಅಳು ಬಂದಿತ್ತು.

"ಸರ್, ಇಲ್ಲೊಂದು ವಾಯರಿನ ಗೊಂಚಲ ಜೋತಾಡಾಕತ್ತೈತ್ರಿ," ಎಂದ ಪ್ರಭಾಕರ ಒಳಗಿನಿಂದ. ಅವನು ಅದನ್ನು ಒತ್ತಿ ಹಿಡಿದ; ನಾನು ಕೀಲಿ ತಿರುವಿದರೆ ಕಾರು ಚಾಲೂ ಆಯಿತು. ಬಿಟ್ಟ, ನಿಂತಿತು. ಎಷ್ಟು ಒತ್ತಿದರೂ ಕೊಂಡಿ ಕಟ್ ಎನ್ನಲೇ ಇಲ್ಲ.

"ನೀವು ನಡಸ್ರಿ. ನಾ ಹಿಡಕೊಂಡಿರ್ತೇನಿ."

ಹೀಗೆ ಕನ್ಯೆ ನೋಡಲು ಹೊರಟ ವರ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ಪ್ರಯಾಣ ಮಾಡಿದ. ಬ್ಯಾಡಗಿ ಸಮೀಪಿಸಿತು. ಗೋದಾಮುಗಳ ಮೆಣಸಿನಕಾಯಿ ಘಾಟು ಕಾರಿನೊಳಗೆ ನುಗ್ಗಿತು. ಪ್ರಭಾಕರ ಸೀನಿದ. ಕೈ ಅಲುಗಿತು, ಕಾರು ಜಗ್ಗಿತು. ಮತ್ತೊಂದು ಸೀನು, ಮತ್ತೊಂದು ಜಗ್ಗು. ಹನ್ನೊಂದು ಸೀನಿಗೆ ಮನೆ ಮುಟ್ಟಿದೆವು!

ಬಾಗಿಲಲ್ಲಿ ನಿಂತಿದ್ದ ಅವ್ವ, "ಎಂಥಾ ನಾಚಿಕಿ ಹುಡುಗನವ್ವಾ! ತಲೀನ ಎತ್ತವಲ್ಲ!" ಎಂದು ಸಾವಿತ್ರಿಗೆ ಹೇಳುತ್ತಿದ್ದಳು. ಪ್ರಭಾಕರ ಇಳಿದ. ಕೈ ಕಪ್ಪು, ಕಣ್ಣು ಕೆಂಪು, ಕುತ್ತಿಗೆ ಸೊಟ್ಟ. ಒಳಗೆ ಕೂರಬೇಕಾದ ಶಕುಂತಲೆ ಅದೆಲ್ಲಿಂದಲೋ ತಂಬಿಗೆ ಮತ್ತು ಸಾಬೂನು ಹಿಡಿದು ಬಂದು ಅವನ ಕೈಗೆ ನೀರು ಹಾಕಿದಳು. ಅವನು ಏನೋ ಅಂದ. ಅವಳು ತಂಬಿಗೆ ಅಲುಗುವಷ್ಟು ನಕ್ಕಳು. ಕನ್ಯೆ ನೋಡುವ ಶಾಸ್ತ್ರ ಅಲ್ಲಿಗೇ ಮುಗಿಯಿತು ಎಂದು ನನಗನ್ನಿಸಿತು. ಮೂರು ವಾರದಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಶಿರಾ, ಅವಲಕ್ಕಿ ಆದ ಮೇಲೆ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. "ನಮಗ ಕನ್ಯಾ ಒಪ್ಪಿಗಿ ಐತ್ರಿ. ಕೊಡೂದು ತಗೊಳ್ಳೂದು ಏನೂ ಇಲ್ಲ. ಒಂದ ಷರತ್ತು."

ಅವರು ನನ್ನ ಕಡೆ ತಿರುಗಿದರು.

"ಮದುವಿ ಆದಮ್ಯಾಲೆ ಮಾಸ್ತರು ನಮ್ಮ ಮನೀಗೆ ಅಗದಿ ಬೇಕಾದಷ್ಟು ಸಲ ಬರ್ಲಿ, ಉಣ್ಲಿ, ಇರ್ಲಿ. ಆದ್ರ ಸ್ಕ್ರೂಡ್ರೈವರ್ ಹಾವೇರಿಯೊಳಗ ಇಟ್ಟು ಬರಬೇಕು."

ನನ್ನ ಪರವಾಗಿ ವಾದಿಸುವವರಿಗಾಗಿ ಸುತ್ತಲೂ ನೋಡಿದೆ. ಅವ್ವ ತಲೆಯಾಡಿಸುತ್ತಿದ್ದಳು. ಸಾವಿತ್ರಿ ಕೈ ಮುಗಿದು ಕೂತಿದ್ದಳು. ಆಗ, ಹಿರಿಯರ ಮುಂದೆ ಕನ್ಯೆ ಮಾತಾಡಬಾರದೆಂಬುದನ್ನು ಮರೆತು, ಶಕುಂತಲೆ ಬಾಗಿಲ ಹಿಂದಿನಿಂದ ಗಟ್ಟಿಯಾಗಿ ಹೇಳಿದಳು:

"ಮಾವಾರ, ಇಂಥಾ ಮನೀಗೆ ಹೋಗಬೇಕಂತನ ನಾ ಇಷ್ಟು ದಿನ ಕಾಯ್ಕೋತ ಕುಂತಿದ್ದೆ!"