ಒಂದು ಲ್ಯಾಪ್‌ಟಾಪು, ಮೂವರು ಅರಸರು

"ಒಂದು ಒರೆಯಲ್ಲಿ ಎರಡು ಕತ್ತಿ ಸೇರವೆಂಬುದು ಹೇಡಿಗಳ ಮಾತು! ಇಂದು ಇದೊಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು, ಮಿಂಟ್ ಎಂಬ ಮೂರು ಆಪರೇಟಿಂಗ್ ಸಿಸ್ಟಂಗಳಿಗೂ, ಅಂದರೆ ಮೂವರು ಅರಸರಿಗೂ ಪಟ್ಟಾಭಿಷೇಕ!" ಎಂದು ಹೊಸಪೇಟೆಯ ಕನ್ನಡ ಮಾಸ್ತರ ಜಂಬುನಾಥರು ಭಾನುವಾರದ ಸ್ನಾನ ಮುಗಿಸಿ, ವಿಭೂತಿ ಧರಿಸಿ ಘೋಷಿಸಿದರು.

ಮಡದಿ ದೇವಿಕಾ ಅಡುಗೆಮನೆಯಿಂದ ಇಣುಕಿದರು.

"ಇದ್ದೊಬ್ಬ ಅರಸ ಚೆಂದಾಗಿ ಆಳಾಕತ್ತಾನಲ್ರಿ? ನಮ್ಮವ್ವನ ಸೋಬಾನೆ ಪದ ಅದರಾಗಷ್ಟ ಅದಾವು. ಅವ್ವನ ದನಿ ಈಗ ಬಿದ್ದುಹೋಗೈತಿ, ಇನ್ನೊಮ್ಮೆ ಹಾಡಸಾಕ ಆಗಂಗಿಲ್ಲ. ನಾಳೆ ಕಂಪ್ಲಿಯಾಗ ತಂಗಿ ಮಗಳ ಅರಿಶಿಣಕ್ಕ ಅವನ್ನ ಹಚ್ಚಬೇಕು, ನೆಪ್ಪಿರಲಿ."

"ಹೆದರಬ್ಯಾಡ ಮಾರಾಯ್ತಿ! ಒಬ್ಬರ ಸೀಮೆ ಇನ್ನೊಬ್ಬರು ತುಳೀದಂಗ ಗಡಿ ಹಾಕೀನಿ."

ಮಧ್ಯಾಹ್ನದ ಹೊತ್ತಿಗೆ ಅಭಿಷೇಕ ಮುಗಿಯಿತು. ವಿರೂಪಾಕ್ಷನನ್ನು ಸ್ತುತಿಸದೆ ಮಾಸ್ತರರು ಸೈಕಲ್ಲನ್ನೂ ಹತ್ತಿದವರಲ್ಲ. ಗುಂಡಿ ಒತ್ತಿ, ಕೈ ಮುಗಿದು, ಕಣ್ಣು ಮುಚ್ಚಿ, ಸ್ತೋತ್ರವನ್ನು ಸಾಂಗವಾಗಿ ಮುಗಿಸಿ ಕಣ್ಣು ತೆರೆದರೆ, ಆಹಾ! ತೆರೆಯ ಮೇಲೆ ಉಬುಂಟು ವಿರಾಜಮಾನ!

ಸರಿ, ಇನ್ನು ಹಳೆಯ ಅರಸ ವಿಂಡೋಸಿನ ದರ್ಶನವಾಗಲಿ ಎಂದು ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದರು, ಕಣ್ಣು ಮುಚ್ಚಿ ಸ್ತುತಿಸಿದರು, ತೆರೆದರು. ಉಬುಂಟು! ಅದರೊಳಗಿನ ಹಾಡುಗಳ ಕೋಶವನ್ನು ತೆರೆದರೆ ಅದು ಕುಂಬಾರನ ಹೊಸ ಮಡಕೆಯಷ್ಟು ಬರಿದು! ಮತ್ತೆ ಹಚ್ಚಿದರು, ಈ ಬಾರಿ ಪಂಪಾಂಬಿಕೆಯ ಸ್ತುತಿಯೂ ಸೇರಿತು. ಭಯ ಹೆಚ್ಚಿದಂತೆ ಸ್ತೋತ್ರ ಬೆಳೆಯಿತು. ಸ್ತೋತ್ರ ಎಷ್ಟು ಬೆಳೆದರೂ ಉಬುಂಟುವೇ ಬಂದು ಕುಳಿತಿತು. ವಿಭೂತಿಯೆಲ್ಲ ಬೆವರಿನಲ್ಲಿ ಕರಗಿ ಮೂಗಿಗಿಳಿಯಿತು.

"ದೇವಿಕಾ... ಒಬ್ಬ ಅರಸ ಕಾಣವಲ್ಲ."

"ಯಾವ ಅರಸ?"

"ನಿಮ್ಮವ್ವನ ದನಿ ಇದ್ದಾಂವ."

ಬೈಗುಳದ ಮಳೆಗೆ ಮಾಸ್ತರರು ತಲೆಯೊಡ್ಡಿ ಕುಳಿತರು. ಆದರೆ ದೇವಿಕಾ ಬೈಯಲಿಲ್ಲ. ಸೆರಗಿನಿಂದ ಕೈಯೊರೆಸಿಕೊಂಡು, ಆಮೇಲೆ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕುಳಿತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು!

"ಇನ್ನೊಂದು ಸಲ ಹಚ್ರಿ. ನಾನೂ ನೋಡ್ತೀನಿ."

ಮಾಸ್ತರರು ಗುಂಡಿ ಒತ್ತಿ, ಕಣ್ಣು ಮುಚ್ಚಿ, ಸ್ತೋತ್ರದ ಮೊದಲ ಸಾಲು ಹಿಡಿದಿದ್ದರಷ್ಟೆ. ಪಕ್ಕೆಗೆ ಮೊಣಕೈ ತಿವಿಯಿತು.

"ರೀ, ಕಣ್ಣು ತಗೀರಿ! ಯಾರು ಬೇಕಂತ ಕೇಳಾಕತ್ತೈತಿ! ಮ್ಯಾಲೆ ಉಬುಂಟು, ನಡುವ ಮಿಂಟ್, ಅಡಿಯಾಗ ವಿಂಡೋಸ್! ಹೊತ್ತು ಎಣಸಾಕತ್ತೈತಿ, ಜಲ್ದಿ ಒತ್ರಿ!"

ಹತ್ತು ಸೆಕೆಂಡು ಕಾದು, ಯಾರೂ ಏನೂ ಹೇಳದಿದ್ದರೆ ಮೊದಲಿನವನಿಗೇ ಪಟ್ಟ ಕಟ್ಟುವುದು ಆ ಪಟ್ಟಿಯ ಧರ್ಮ! ಮಾಸ್ತರರ ಬೆರಳು ಕೆಳಗಿನ ಬಾಣವನ್ನು ಎರಡು ಸಲ, ಆಮೇಲೆ ಎಂಟರ್ ಒತ್ತಿತು. ವಿಂಡೋಸ್ ಎದ್ದಿತು, ಕೋಶ ತೆರೆಯಿತು. ಅತ್ತೆ ಎರ್ರೆಮ್ಮನ ಕಂಚಿನ ಕಂಠದಿಂದ ಸೋಬಾನೆ ಮೊಳಗಿ ಮನೆಯೆಲ್ಲ ತುಂಬಿತು. ಅತ್ತೆಯ ದನಿ ಕೇಳಿ ಅಳಿಯನೊಬ್ಬ ಇಷ್ಟು ಸಂತೋಷಪಟ್ಟದ್ದು ಭೂಲೋಕದಲ್ಲಿ ಅದೇ ಮೊದಲಿರಬೇಕು!

ಉಸಿರು ಬಿಟ್ಟ ಮಾಸ್ತರರು ಮೀಸೆ ನೇವರಿಸಿದರು. "ನೋಡಿದೇನು? ನನ್ನ ಪ್ರಾರ್ಥನೆ ಕಡೀಗೂ ಫಲಿಸಿತು."

"ಮೊದಲನೇ ಸಲಾನ ಫಲಿಸಿತ್ತು ಬಿಡ್ರಿ," ಎಂದರು ದೇವಿಕಾ, ಹಾಡಿನ ದನಿ ಜೋರು ಮಾಡುತ್ತ. "ಸ್ವಾಮಿ ಪ್ರತಿ ಸಲಾನೂ ಎದುರಿಗೆ ಬಂದು, ಏನು ಬೇಕಪ್ಪಾ ಅಂತ ಕೇಳ್ಯಾನ. ನೀವ ಕಣ್ಣು ಮುಚ್ಚಿ ಕುಂತ್ರ ಪಾಪ, ಆತ ಎಷ್ಟೊತ್ತಂತ ನಿಂದರ್ತಾನ?"