ಅವ್ವ ಹೇಳಿದ ಸಿನಿಮಾ

ದೇವರು ಕೆಲವರಿಗೆ ರೂಪ ಕೊಡುತ್ತಾನೆ, ಕೆಲವರಿಗೆ ಆಸ್ತಿ ಕೊಡುತ್ತಾನೆ. ನನಗೆ ಕೊಟ್ಟದ್ದು ಗಂಟಲು. ಹೈಸ್ಕೂಲಿನಲ್ಲಿ ನಾನು ಭೂಗೋಳ ಶುರುಮಾಡಿದರೆ ಕೊನೆಯ ಬೆಂಚಿನವರಿರಲಿ, ಪಕ್ಕದ ತರಗತಿಯವರೂ ಬೇಡವೆಂದರೂ ಕಲಿಯುತ್ತಿದ್ದರು. ಯಾದವಗಿರಿಯ ನಮ್ಮ ಬಡಾವಣೆಯ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದ್ದೂ ಈ ಗಂಟಲನ್ನು ನೋಡಿಯೇ. ಮೈಕಿನ ಬಾಡಿಗೆ ಉಳಿಯುತ್ತದಲ್ಲ. ಇಷ್ಟಿದ್ದರೂ ನನ್ನ ಮಾತು ತಲುಪದ ಒಂದು ಜೊತೆ ಕಿವಿ ನಮ್ಮ ಮನೆಯಲ್ಲೇ ಇತ್ತು. ಅದು ನಮ್ಮವ್ವನದು.

ಊರಿನಲ್ಲಿದ್ದಾಗ ಅವ್ವ ಬಾವಿಕಟ್ಟೆಯಲ್ಲಿ ಮಾತಿಗೆ ನಿಂತರೆ ನೀರಿಗೆ ಬಂದವರು ಬಿಂದಿಗೆ ಇಳಿಸಿ ಕೂತುಬಿಡುತ್ತಿದ್ದರಂತೆ. ಕಿವಿ ಮಂದವಾಗಿ ನನ್ನ ಮನೆಗೆ ಬಂದ ಮೇಲೆ ಆ ಮಾತೂ ನಿಂತುಹೋಯಿತು. ಯಾರೋ ಏನೋ ಕೇಳಿ, ತಾನೇನೋ ಹೇಳಿ, ಅವರು ನಕ್ಕಮೇಲೆ ಸುಮ್ಮನಿರುವುದೇ ಮೇಲು ಅನ್ನಿಸಿರಬೇಕು. ದಿನವಿಡೀ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸಿನಿಮಾಕ್ಕೆ ಕರೆದರೆ, "ಕಿವಿ ಇರೋರು ಹೋಗ್ರಪ್ಪ" ಎಂದುಬಿಡುತ್ತಿದ್ದಳು. ಆ ಮಾತು ನನಗೆ ಚುಚ್ಚುತ್ತಿತ್ತು.

ಊರೂರಿಗೆ ಹೋಗಿ ಚಿತ್ರ ತೋರಿಸುವ ವ್ಯಾನೊಂದನ್ನು ಸಂಘದಿಂದ ನಮ್ಮ ಬಡಾವಣೆಗೆ ಕರೆಸಿದಾಗ, ಪಕ್ಕದ ಮನೆಯ ತೆರೇಸಮ್ಮ ಹಟ ಹಿಡಿದು ಅವ್ವನನ್ನು ಹೊರಡಿಸಿದರು. ತೆರೇಸಮ್ಮ ಆಸ್ಪತ್ರೆಯಲ್ಲಿ ನರ್ಸು. ಒಲ್ಲೆ ಎನ್ನುವವರನ್ನು ಎಬ್ಬಿಸಿ ನಡೆಸುವುದು ಅವರಿಗೆ ಹೊಸತಲ್ಲ. ಮೈದಾನದಲ್ಲಿ ಪರದೆ ಕಟ್ಟಿದೆವು. ಬಂಗಲೆಗಳವರು ಕುರ್ಚಿ ತಂದರು, ಪಕ್ಕದ ಕುಂಬಾರಕೊಪ್ಪಲಿನವರು ಚಾಪೆ ತಂದರು. ಅವ್ವ ತೆರೇಸಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು.

ಚಿತ್ರ ಯಾವುದೋ ಹಿಮದ ಬೆಟ್ಟಗಳ ದೇಶದ್ದು. ಅಲ್ಲಿನವರು ಹಸು ಸಾಕಿ, ಹಾಲು ಒಡೆಸಿ, ಚೀಸು ಮಾಡುವ ಬಗೆ. ಶುರುವಾಗಿ ಸ್ವಲ್ಪ ಹೊತ್ತಿಗೆ ಯಂತ್ರ ಗೊರಗೊರ ಎಂದು ದನಿಯೇ ನಿಂತಿತು. ಚಿತ್ರ ಮಾತ್ರ ಓಡುತ್ತಿತ್ತು. ವ್ಯಾನಿನ ಆಪರೇಟರು ಕೈಚೆಲ್ಲಿ, "ಮೇಷ್ಟ್ರೇ, ನೀವೇ ಏನಾದ್ರೂ ಹೇಳ್ತಿರಿ, ನಾನು ರಿಪೇರಿ ನೋಡ್ತೀನಿ" ಎಂದರು. ಅಂಥದೊಂದು ಮಾತಿಗೆ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಪರದೆಯ ಪಕ್ಕ ಹೋಗಿ ನಿಂತು, ಸಮುದ್ರಮಟ್ಟದಿಂದ ಆರಂಭಿಸಿ, ಹವಾಗುಣಕ್ಕೆ ಬಂದು, ಹಾಲಿನ ಕೊಬ್ಬಿನಂಶದವರೆಗೆ ಏರಿದೆ. ಜನ ಆಕಳಿಸತೊಡಗಿದರು. ಕೆಲವರು ಚಾಪೆ ಸುತ್ತತೊಡಗಿದರು.

ಆಗ ನನ್ನ ಗಂಟಲನ್ನೂ ಮೀರಿಸುವ ಇನ್ನೊಂದು ಗಂಟಲು ಕೇಳಿಸಿತು. ಅವ್ವ ತೆರೇಸಮ್ಮನಿಗೆ ಗುಟ್ಟು ಹೇಳುತ್ತಿದ್ದಳು. ಅದು ಗುಟ್ಟೆಂದು ಅವಳ ನಂಬಿಕೆ, ಮೈದಾನಕ್ಕೆಲ್ಲ ಕೇಳುತ್ತಿತ್ತು.

"ಆ ಚುಂಗಾಣಿ ಸೇದೋ ಮುದ್ಕ ಅವ್ನಲ್ಲ, ಅವ್ನಿಗೆ ಮಗಳ್ನ ಕೊಡಾಕೆ ಇಷ್ಟ ಇಲ್ಲ ಕಣಮ್ಮ. ಈ ಹುಡ್ಗ ಹಾಲಿನ ನೆಪ ಮಾಡ್ಕಂಡು ದಿನಾ ಬತ್ತಾನೆ. ಅವಳು ನೋಡು, ತಲೆ ಎತ್ತಾಕಿಲ್ಲ. ಒಳ್ಳೆ ಮನೆ ಮಗಳು."

ಸುತ್ತಿದ ಚಾಪೆಗಳು ಮತ್ತೆ ಬಿಚ್ಚಿಕೊಂಡವು. ಬಂಗಲೆಯವರು ಕುರ್ಚಿಗಳನ್ನು ಅವ್ವನ ಕಡೆಗೆ ಎಳೆದುಕೊಂಡರು. ಪರದೆಯ ಮೇಲೆ ಗಾಲಿಯಂಥ ದೊಡ್ಡ ದೊಡ್ಡ ಚೀಸಿನ ಗಡ್ಡೆಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದರು. "ಮುದ್ಕ ಒಪ್ಬುಟ್ಟ ಕಣಮ್ಮ" ಎಂದಳು ಅವ್ವ. "ಮದ್ವೆಗೆ ಏಟೊಂದು ಬೆಲ್ಲದಚ್ಚು ತರ್ಸವ್ನೆ ನೋಡು." ಯಾರೋ ಹೆಂಗಸು ನಿಟ್ಟುಸಿರುಬಿಟ್ಟಳು. ಕೊಬ್ಬಿನಂಶ ನನ್ನ ಬಾಯಲ್ಲೇ ಉಳಿಯಿತು. ಹೇಳಬೇಕೆಂದರೆ, ಆ ಮುದುಕ ಒಪ್ಪಿದ್ದು ನನಗೂ ಸಮಾಧಾನವೇ ಆಗಿತ್ತು.

ಅಷ್ಟರಲ್ಲಿ ಯಂತ್ರ ಸರಿಹೋಗಿ ಚಿತ್ರದ ಇಂಗ್ಲಿಷು ವಿವರಣೆ ಮೊಳಗಿತು. ಕುಂಬಾರಕೊಪ್ಪಲಿನ ಗಂಡಸೊಬ್ಬ ಎದ್ದು ನಿಂತು, "ಸ್ವಾಮಿ, ಆ ಸದ್ದು ನಿಲ್ಸಿ. ಮದ್ವೆ ಎಂಗಾಯ್ತದೆ ಅಂತ ಅವ್ವಾರು ಯೋಳಲಿ" ಎಂದ. ಕುರ್ಚಿಗಳ ಸಾಲಿನಿಂದಲೂ "ಹೌದು, ನಿಲ್ಸಿ" ಎಂಬ ದನಿ ಬಂತು. ಆಪರೇಟರು ಪಾಪ, ಅಷ್ಟು ಕಷ್ಟಪಟ್ಟು ಬರಿಸಿದ ದನಿಯನ್ನು ತಾವೇ ಆರಿಸಿದರು. ಕೊನೆಯಲ್ಲಿ ಹಸುಗಳಿಗೆ ಹೂ ಮುಡಿಸಿ, ಗಂಟೆ ಕಟ್ಟಿ, ಊರವರೆಲ್ಲ ಬೆಟ್ಟ ಇಳಿದು ಬಂದರು. "ದಿಬ್ಬಣ ಬಂತು" ಎಂದಳು ಅವ್ವ. ಮೈದಾನವೆಲ್ಲ ಚಪ್ಪಾಳೆ.

ಜನ ಬಂದು ಅವ್ವನ ಕೈ ಹಿಡಿದುಕೊಂಡರು. ಅವರು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಆದರೂ ಎಲ್ಲರಿಗೂ ಉತ್ತರ ಹೇಳಿದಳು, ಇಬ್ಬರಿಗೆ ತನ್ನ ಕಡೆಯಿಂದ ಗಂಡು ನೋಡುವ ಭರವಸೆಯನ್ನೂ ಕೊಟ್ಟಳು. ಮರುದಿನದಿಂದ ನಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸಲು ಐದಾರು ಮಂದಿ ಹೆಂಗಸರು ಸೇರತೊಡಗಿದರು.

ಅಂದು ಮನೆಗೆ ನಡೆಯುತ್ತಾ ಅವ್ವ ನನ್ನ ತೋಳು ಹಿಡಿದು, "ಬಲು ಚೆಂದಾಗಿತ್ತು ಮಗ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ಪರದೆ ಪಕ್ಕದ ಕತ್ಲಲ್ಲಿ ಯಾವನೋ ನಿಂತ್ಕಂಡು ಒಂದೇ ಸಮ್ನೆ ಕೈ ಆಡುಸ್ತಿದ್ನಲ್ಲ, ಯಾರ್ಲಾ ಅವ್ನು?" ಎಂದು ಕೇಳಿದಳು.

ತೆರೇಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅವ್ವನ ಕಿವಿಯ ಹತ್ತಿರ ಬಾಗಿ, ಇದ್ದ ಗಂಟಲನ್ನೆಲ್ಲ ಕೂಡಿಸಿ, "ಯಾರೋ ಮೇಷ್ಟ್ರಂತೆ ಕಣವ್ವ" ಎಂದು ಕೂಗಿದೆ.

ಅದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. "ಪಾಪ" ಎಂದಳು.